ಊರಿನವರನ್ನೇ ಚಿತ್ರದಲ್ಲಿ ಗೇಲಿ ಮಾಡಿದರೆ ನಗಬೇಕಾ, ಸಿಟ್ಟು ಮಾಡಬೇಕಾ?

ಕಟಪಾಡಿ ಕ್ರಾಸ್
ವಿಷಯ ಸ್ವಲ್ಪ ಮನೆ ಜಗಳದ್ದು. ಆದರೂ ಇಲ್ಲಿ ಚಿತ್ರಕಲೆ ಗೊತ್ತಿರುವವರು ಇದ್ದೀರಿ ಅಂತ ಕೇಳ್ತಿದ್ದೇನೆ.

ಉಡುಪಿಯಲ್ಲಿ ಮೊನ್ನೆ ಒಬ್ಬರು ಕಲಾವಿದರ ಪ್ರದರ್ಶನ ಇತ್ತು. ಹೆಸರು ಹಾಕುವುದಿಲ್ಲ, ಅವರಿಗೆ ಈಗಾಗಲೇ ಬೇಕಾದಷ್ಟು ಫೋನ್ ಹೋಗ್ತಾ ಉಂಟು. ಮೊದಲು ಬಸ್ಸಿಗೆ, ಅಂಗಡಿಗೆ ಬೋರ್ಡು ಬರೆಯುತ್ತಿದ್ದವರು, ಈಗ ಆಳೆತ್ತರದ ಕ್ಯಾನ್‌ವಾಸ್ ಮಾಡ್ತಾರೆ. ಎಲ್ಲ ನಮ್ಮ ಊರಿನ ಕಥೆಯೇ, ಎಲ್ಲದರಲ್ಲೂ ಕುಶಾಲು. ಅದರಲ್ಲಿ ಒಂದು ಚಿತ್ರದ ಹೆಸರು "ಗೃಹಪ್ರವೇಶ". ಮೂರು ಮಾಳಿಗೆಯ ಹೊಸ ಮನೆ, ಗುಲಾಬಿ ಬಣ್ಣ, ಗೇಟಿನ ಎರಡೂ ಕಂಬದ ಮೇಲೆ ಸಿಮೆಂಟಿನ ಸಿಂಹ. ಮೇಲಿನ ಎಲ್ಲ ಕಿಟಕಿಗೂ ಬೀಗ. ಕೆಳಗೆ ಜಗಲಿಯಲ್ಲಿ ಒಬ್ಬರು ಅಜ್ಜ, ಒಬ್ಬರು ಅಜ್ಜಿ, ಊರುಗೋಲಿಗೆ ಮೊಬೈಲ್ ಕಟ್ಟಿ ಮಗನಿಗೆ ಮನೆ ತೋರಿಸ್ತಿದ್ದಾರೆ. ಸಿಂಹಗಳು ಆಕಳಿಸ್ತಾ ಉಂಟು.

ನಾನು ನಕ್ಕು ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಷ್ಟೇ. ಮಾವನಿಗೆ (ಅಮ್ಮನ ಅಣ್ಣ) ಅದು ಅವರದೇ ಮನೆ ಅಂತ ಆಗಿಬಿಟ್ಟಿದೆ. ಸಿಂಹ ಉಂಟಲ್ಲ, ಗುಲಾಬಿ ಬಣ್ಣ ಉಂಟಲ್ಲ. "ನಾನು ಮಸ್ಕತ್‌ನಲ್ಲಿ ಬೆವರು ಸುರಿಸಿ ಕಟ್ಟಿದ ಮನೆಯನ್ನು ಅವ ಗೋಡೆಗೆ ತೂಗು ಹಾಕಿ ಜನರನ್ನು ನಗಿಸ್ತಾನಾ" ಅಂತ ಕೇಸ್ ಹಾಕುವ ಮಾತು ಆಡ್ತಿದ್ದಾರೆ.

ನನ್ನ ಪ್ರಶ್ನೆ ಕೇಸಿನದ್ದಲ್ಲ. ಇಂಥ ಚಿತ್ರ ಊರಿನ ಮೇಲಿನ ಮಮತೆಯಿಂದ ಬರುವುದಾ, ಅಥವಾ ಗ್ಯಾಲರಿಗೆ ಬರುವ ಪೇಟೆಯವರನ್ನು ನಗಿಸ್ಲಿಕ್ಕೆ ನಮ್ಮನ್ನು ಮಾರುವುದಾ?

ಸೀಯಾಳ 45
ನಿಮ್ಮ ಮಾವನದ್ದು ಹೇಗಾಗ್ತದೆ? ಅದು ನನ್ನ ಚಿಕ್ಕಪ್ಪನ ಮನೆ. ಶಿರ್ವದ ಹತ್ತಿರ. ಸಿಂಹಕ್ಕೆ ಚಿನ್ನದ ಬಣ್ಣ ಸಹ ಕೊಟ್ಟಿದ್ದಾರೆ.

ನೀರ್‌ದೋಸೆ
ಬೆಳ್ಮಣ್‌ನಲ್ಲಿ ನಾಲ್ಕುಂಟು ಇಂಥದ್ದು. ಒಂದರಲ್ಲಿ ಸಿಂಹದ ಬದಲು ಆನೆ.

ಗಲ್ಫ್ ಗಿರಾಕಿ
ಅದು ನನ್ನ ಮನೆ ಮಾರಾಯ್ರೆ. ಸತ್ಯವಾಗಿ. ಅಜ್ಜ ಅಜ್ಜಿಯ ಬದಲು ಅಪ್ಪ ಒಬ್ಬರೇ ಇದ್ದಾರೆ ಅಷ್ಟೇ ವ್ಯತ್ಯಾಸ.

ಕದ್ರಿ ಗುಡ್ಡೆ
ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಆಯ್ತಲ್ಲ ಇಲ್ಲಿ.

ಮಣಿಪಾಲ ಮಳೆ
ನಾನೂ ಹೋಗಿದ್ದೆ. ನನಗೆ ಅಷ್ಟೇನೂ ಹಿಡಿಸಲಿಲ್ಲ, ಯಾಕೆ ಅಂತ ಹೇಳ್ತೇನೆ. ಎಲ್ಲ ಸುಲಭದ ಗುರಿಗಳು. ಗಲ್ಫ್ ಮನೆ, ಸಿಟಿ ಬಸ್, ಮದುವೆ ಊಟ, ಫ್ಲೆಕ್ಸ್. ಇವುಗಳ ಮೇಲೆ ಜೋಕ್ ಮಾಡ್ಲಿಕ್ಕೆ ಕ್ಯಾನ್‌ವಾಸ್ ಯಾಕೆ ಬೇಕು? ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕೆಲಸ ಹತ್ತಿರ ಹತ್ತಿರ ಹತ್ತು ವರ್ಷ ಎಳೆದಾಗ ಊರಿನ ಮಕ್ಕಳು ಮೊಬೈಲಿನಲ್ಲೇ ಇದಕ್ಕಿಂತ ಜೋರಿನ ಟ್ರೋಲ್ ಮಾಡಿದ್ದರು. 2020ರ ಜನವರಿಯಲ್ಲಿ ಅದು ತೆರೆದಾಗ ಜನರಿಗೆ ಸಂತೋಷಕ್ಕಿಂತ ಟ್ರೋಲ್ ಮುಗಿಯಿತಲ್ಲ ಅಂತ ಬೇಜಾರೇ ಜಾಸ್ತಿ.

ಕಲಾವಿದ ಅಂದ ಮೇಲೆ ಟ್ರೋಲಿಗಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ಈ ಊರಿನಲ್ಲಿ ಹುಡುಗ ಹುಡುಗಿ ಒಟ್ಟಿಗೆ ಐಸ್‌ಕ್ರೀಮ್ ತಿಂದರೆ ಯಾರು ಯಾರು ಬಂದು ಹೆಸರು ಕೇಳ್ತಾರೆ ಅಂತ ಎಲ್ಲರಿಗೂ ಗೊತ್ತುಂಟು. ಅದರ ಚಿತ್ರ ಎಲ್ಲಿ?

ಹಳೆ ಬೋರ್ಡು
ಮಣಿಪಾಲದವರೇ, ಆ ಚಿತ್ರ ಇತ್ತು. ಒಳಗೆ ಹೋಗುವಾಗ ಬಾಗಿಲಿನ ಎಡಕ್ಕೆ, ಬಾಗಿಲು ತೆರೆದರೆ ಅದರ ಹಿಂದೆ ಅಡಗಿ ಹೋಗ್ತದೆ. ಪಾರ್ಕಿನ ಬೆಂಚು, ಈ ತುದಿಯಲ್ಲಿ ಒಬ್ಬ ಹುಡುಗ, ಆ ತುದಿಯಲ್ಲಿ ಒಬ್ಬಳು ಹುಡುಗಿ, ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ. ಸುತ್ತಲಿನ ಪ್ರತಿ ಪೊದೆಗೂ ಒಂದು ಕನ್ನಡಕ.

ಬಾಗಿಲ ಹಿಂದೆ ಯಾಕೆ ಇಟ್ಟದ್ದು ಅಂತ ಕೇಳಿದೆ. "ಜಾಗ ಕೊಟ್ಟವರು ಅಲ್ಲಿ ಇಡಿ ಅಂದರು" ಅಂತ ನಕ್ಕರು.

ಮಣಿಪಾಲ ಮಳೆ
ಅದೇ ನಾನು ಹೇಳುವುದು! ಬಾಗಿಲ ಹಿಂದೆ ಇಟ್ಟ ಚಿತ್ರವೇ ನಿಜವಾದ ಚಿತ್ರ. ಉಳಿದದ್ದೆಲ್ಲ ಬೈಠಕ್ ಖಾನೆಯ ಅಲಂಕಾರ.

ಹಳೆ ಬೋರ್ಡು
ಬಾಗಿಲ ಹಿಂದೆಯಾದರೂ ಇಟ್ಟರಲ್ಲ. ನೀವು ಹೆಸರಿಲ್ಲದೆ ಇಲ್ಲಿ ಬರೆಯುವುದು, ಅವರು ಮೂಲೆಯಲ್ಲಿ ಸಹಿ ಹಾಕಿ ತೂಗು ಹಾಕುವುದು, ಎರಡೂ ಒಂದೇ ಅಲ್ಲ.

ಚಕ್ರತಾಳ
ಇಲ್ಲಿ ಒಂದು ಮಾತು. ನಮ್ಮ ಕಡೆಯ ಜನರಿಗೆ ಈ ತರದ ಕುಶಾಲು ಹೊಸತೇ ಅಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರ ಮಾಡುವುದು ಎಂತ? ದೂತನಾಗಿ ಬಂದು ಪುರಾಣದ ರಾಜನ ಮುಂದೆ ನಿಂತು ಆಟ ಆಡಿಸಿದ ಊರಿನ ರಸ್ತೆಯ ಗುಂಡಿಯ ವಿಷಯ ತೆಗೆಯುತ್ತಾನೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂತ ಊರ ಗಣ್ಯರಿಗೇ ತಾಗಬೇಕು ಅದು. ತಾಗುತ್ತದೆ ಸಹ. ಅವರು ನಗುತ್ತಾರೆ, ಯಾಕೆಂದರೆ ನಗದಿದ್ದರೆ ಸಭೆಯ ಮುಂದೆ ಮರ್ಯಾದೆ ಹೋಗುತ್ತದೆ. ಮರುವರ್ಷ ಆಟ ಆಡಿಸುವವರು ಅವರೇ.

ರಂಗಸ್ಥಳದ ಮೇಲೆ ಹೇಳಿದರೆ ಕಲೆ, ಕ್ಯಾನ್‌ವಾಸಿನಲ್ಲಿ ಹೇಳಿದರೆ ಕೇಸ್, ಇದು ಎಲ್ಲಿಯ ನ್ಯಾಯ ಮಾರಾಯ್ರೆ.

ಕದ್ರಿ ಗುಡ್ಡೆ
ವ್ಯತ್ಯಾಸ ಉಂಟು ಸ್ವಾಮಿ. ಹಾಸ್ಯಗಾರನ ಮಾತು ಬೆಳಗ್ಗೆ ಆಗುವಾಗ ಗಾಳಿಗೆ ಹೋಯಿತು. ಚಿತ್ರ ಗೋಡೆಯಲ್ಲಿ ಇರ್ತದೆ, ಯಾರೋ ದುಡ್ಡು ಕೊಟ್ಟು ಮನೆಗೆ ಕೊಂಡು ಹೋಗ್ತಾರೆ. ಕಟಪಾಡಿಯವರ ಮಾವನಿಗೆ ಬೇಜಾರಾದದ್ದು ಅದಕ್ಕೇ. ಅವರ ಮನೆ ಈಗ ಬೆಂಗಳೂರಿನ ಯಾವುದೋ ಫ್ಲಾಟಿನ ಸೋಫಾದ ಮೇಲೆ ನೇತಾಡಬಹುದು.

ಚಕ್ರತಾಳ
ಈಗ ಹಾಸ್ಯಗಾರನ ಮಾತು ಸಹ ಗಾಳಿಗೆ ಹೋಗುವುದಿಲ್ಲ. ಎಲ್ಲ ಯೂಟ್ಯೂಬಿನಲ್ಲಿ ಉಂಟು.

ಕೋಳಿತಾಳು
ಹೋಯ್, ಕುಂದಾಪ್ರದ್ ಕಡಿ ಬನ್ನಿ ಮರ್ರೆ. ನಮ್ಮಲ್ ಕಾರ್ಟೂನಿಗೇ ಒಂದ್ ಹಬ್ಬ ಮಾಡ್ತ್ರ್. ಸತೀಶ್ ಆಚಾರ್ಯ ಕುಂದಾಪ್ರದಗೇ ಕೂಕಂಡ್ ದಿಲ್ಲಿಯರ್‍ನೆಲ್ಲ ಗೀಚ್ತ್ರಲೆ. ಉಡ್ಪಿಯರಿಗ್ ನಗಾಡುಕೂ ಪರ್ಮಿಷನ್ ಬೇಕಾ?

ಕಟಪಾಡಿ ಕ್ರಾಸ್
ದಿಲ್ಲಿಯವರನ್ನು ಗೀಚುವುದು ಸುಲಭ. ದಿಲ್ಲಿಯವರು ನಮ್ಮ ಮಾವನ ಹಾಗೆ ಭಾನುವಾರ ಮನೆಗೆ ಬಂದು ಕೂರುವುದಿಲ್ಲ.

ಕೋಳಿತಾಳು
ಹ್ಹ ಹ್ಹ. ಅದ್ ಹೌದ್.

ಪಡುಬಿದ್ರಿ ಪಯಣಿಗ
ಕಾರ್ಟೂನು ಬೇರೆ, ಪೇಂಟಿಂಗ್ ಬೇರೆ. ಚಿತ್ರಕಾರ ಕೆ.ಕೆ. ಹೆಬ್ಬಾರರು ಹುಟ್ಟಿದ ಜಿಲ್ಲೆ ಇದು. ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬೈಗೆ ಹೋಗಿ ದೇಶವೇ ತಿರುಗಿ ನೋಡುವ ಹಾಗೆ ಮಾಡಿದವರು. ಅವರ ಒಂದು ಗೆರೆ ನೋಡಿದರೆ ಸಾಕು, ಕುಣಿಯುವವನ ಕಾಲಿನ ಗೆಜ್ಜೆ ಕೇಳುತ್ತದೆ. ಅಂಥವರ ಊರಿನಲ್ಲಿ ಈಗ ಸಿಂಹ ಆಕಳಿಸುವ ಚಿತ್ರವನ್ನು ಕಲೆ ಅಂತ ಮಾತಾಡುವ ಅವಸ್ಥೆ.

ಮಣಿಪಾಲ ಮಳೆ
ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ನಗಿಸಿದರೆ ಕಲೆಯ ತೂಕ ಕಡಿಮೆ ಆಗುತ್ತದೆ ಅಂತ ಯಾರು ಹೇಳಿದ್ದು? ಭೂಪೇನ್ ಖಖ್ಖರ್ ಹೆಸರು ಕೇಳಿದ್ದೀರಾ? ಬರೋಡಾದಲ್ಲಿದ್ದವರು, ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ, ಲೆಕ್ಕಪತ್ರದ ಕೆಲಸ ಮಾಡುತ್ತಲೇ ಚಿತ್ರ ಬಿಡಿಸಿದವರು. ಅವರು ಬಿಡಿಸಿದ್ದು ಯಾರನ್ನು? ಕ್ಷೌರದಂಗಡಿಯವನನ್ನು, ದರ್ಜಿಯನ್ನು, ವಾಚ್ ರಿಪೇರಿಯವನನ್ನು. 1972ರ "ಜನತಾ ವಾಚ್ ರಿಪೇರಿಂಗ್" ಹುಡುಕಿ ನೋಡಿ. ಬಣ್ಣ ಎಲ್ಲ ಕ್ಯಾಲೆಂಡರಿನದ್ದು, ಅಂಗಡಿ ಬೋರ್ಡಿನದ್ದು. ಆಗ ದೊಡ್ಡ ದೊಡ್ಡವರು ಇದೆಂತ ಪೋಲಿ ಕೆಲಸ ಅಂದಿದ್ದರು. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರದೇ ದೊಡ್ಡ ಪ್ರದರ್ಶನ ಆಯಿತು.

ಅವರ 1981ರ ಒಂದು ಚಿತ್ರದ ಹೆಸರು "ಯೂ ಕಾಂಟ್ ಪ್ಲೀಸ್ ಆಲ್". ಬಾಲ್ಕನಿಯಲ್ಲಿ ಒಬ್ಬ ಬಟ್ಟೆಯಿಲ್ಲದೆ ನಿಂತು ಕೆಳಗೆ ನೋಡ್ತಿದ್ದಾನೆ, ಕೆಳಗೆ ಊರಿನಲ್ಲಿ ಅಪ್ಪ, ಮಗ, ಕತ್ತೆಯ ಕಥೆ ನಡೆಯುತ್ತಾ ಉಂಟು. ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಅದೇ ಕಥೆ, ಕತ್ತೆ ಮೇಲೆ ಯಾರು ಕೂತರೂ ಊರಿನವರು ಬೈಯುವುದು. ಆ ನಿಂತವನು ಕಲಾವಿದನೇ ಅಂತ ಹೇಳ್ತಾರೆ. ಊರನ್ನು ನೋಡಿ ನಗುವವ ಮೊದಲು ತಾನು ಬಟ್ಟೆ ಬಿಚ್ಚಿ ನಿಂತಿದ್ದಾನೆ. ಆ ಧೈರ್ಯ ನಮ್ಮ ಉಡುಪಿಯವರಲ್ಲಿ ಕಾಣಲಿಲ್ಲ, ಅಷ್ಟೇ ನನ್ನ ತಕರಾರು.

ಸೀಯಾಳ 45
ಉಡುಪಿಯಲ್ಲಿ ಬಟ್ಟೆ ಬಿಚ್ಚಿ ನಿಂತ ಚಿತ್ರ ಹಾಕಿದರೆ ಬಾಗಿಲ ಹಿಂದೆ ಅಲ್ಲ, ಬಾಗಿಲ ಹೊರಗೆ ಇರ್ತದೆ. ಕಲಾವಿದ ಸಹ.

ಹಳೆ ಬೋರ್ಡು
ತನ್ನನ್ನು ತಾನು ಬಿಡಿಸಿಕೊಂಡಿಲ್ಲ ಅಂತ ಯಾರು ಹೇಳಿದ್ದು? ಮದುವೆ ಹಾಲಿನ ಚಿತ್ರ ಸರಿಯಾಗಿ ನೋಡಿದ್ದೀರಾ?

ನೋಡದವರಿಗೆ ಹೇಳ್ತೇನೆ. ದೊಡ್ಡ ಊಟದ ಹಾಲ್. ಉಣ್ಣುವವರ ಪ್ರತಿ ಕುರ್ಚಿಯ ಹಿಂದೆ ಒಬ್ಬೊಬ್ಬರು ನಿಂತು ಕಾಯ್ತಿದ್ದಾರೆ, ಎಲೆ ಯಾವಾಗ ಮಡಚುತ್ತಾರೆ ಅಂತ. ಕೂತವರು ಪಾಯಸಕ್ಕೆ ಬಂದಾಗಿದೆ, ನಿಂತವರ ಕೈ ಕುರ್ಚಿಯ ಬೆನ್ನಿನ ಮೇಲೆ. ವೇದಿಕೆಯಲ್ಲಿ ಮದುಮಕ್ಕಳನ್ನು ನೋಡುವವರು ಫೋಟೋಗ್ರಾಫರ್ ಮತ್ತು ಒಂದು ಮಗು, ಅಷ್ಟೇ. ಬಲಗಡೆಯಿಂದ ಮೂರನೇ ಕುರ್ಚಿಯ ಹಿಂದೆ ಚೌಕುಳಿ ಅಂಗಿಯಲ್ಲಿ ಒಬ್ಬರು, ಇನ್ನೂ ಎದ್ದಿರದವರ ಕುರ್ಚಿಯ ತುದಿಗೆ ಕರವಸ್ತ್ರ ಹಾಕಿ ಜಾಗ ಹಿಡಿದಿದ್ದಾರೆ. ಅದು ಕಲಾವಿದರೇ. ಕಿಸೆಯಲ್ಲಿ ಬ್ರಶ್ ಉಂಟು.

ಇನ್ನೊಂದು. ನಾನು ಅವರ ಒಟ್ಟಿಗೆ ಒಂದು ಕಾಲದಲ್ಲಿ ಬೋರ್ಡು ಬರೆದವ, ಹಾಗಾಗಿ ಹೇಳ್ತೇನೆ. ಬಸ್ಸಿನ ಹೆಸರು ಬರೆಯುವುದು ಸುಲಭದ ಕೆಲಸ ಅಲ್ಲ. ಬಸ್ಸು ರಾತ್ರಿ ಟ್ರಿಪ್ ಮುಗಿಸಿ ಬಂದ ಮೇಲೆ ಶೆಡ್ಡಿನಲ್ಲಿ, ಬೆಳಗ್ಗೆ ಮೊದಲ ಟ್ರಿಪ್ಪಿನ ಒಳಗೆ ಮುಗಿಯಬೇಕು. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಬಲಗೈ ಊರಿ ಎನಾಮೆಲ್ ಎಳೆಯುವುದು. ಎನಾಮೆಲ್ ಇಳಿಯುತ್ತದೆ, ಜಾಸ್ತಿ ಅದ್ದಿದರೆ ಅಕ್ಷರಕ್ಕೆ ಗಡ್ಡ ಬಂದ ಹಾಗೆ. ಅಕ್ಷರದ ಎಡಕ್ಕೆ ಕಪ್ಪು ನೆರಳು, ಅದರ ಅಂಚಿಗೆ ಬಿಳಿಯ ಸಪೂರ ಗೆರೆ. ಆ ಬಿಳಿ ಗೆರೆ ಯಾರದ್ದು ನಡುಗುವುದಿಲ್ಲವೋ ಅವ ಮೇಸ್ತ್ರಿ. ಈಗ ಅವರ ಕ್ಯಾನ್‌ವಾಸ್ ನೋಡಿ, ಪ್ರತಿ ಮನುಷ್ಯನ ಎಡಕ್ಕೂ ಅದೇ ಕಪ್ಪು ನೆರಳು, ಅದೇ ಬಿಳಿ ಗೆರೆ. ಊರಿನವರನ್ನೆಲ್ಲ ಬಸ್ಸಿನ ಹೆಸರಿನ ಹಾಗೆ ಬರೆದಿದ್ದಾರೆ.

ಫ್ಲೆಕ್ಸ್ ಬಂದು ನಮ್ಮ ಕೆಲಸ ಹೋಯಿತು. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತೆ, ಅವರು ಕ್ಯಾನ್‌ವಾಸ್ ಹಿಡಿದರು.

ಗಲ್ಫ್ ಗಿರಾಕಿ
ಇದು ಓದಿ ಒಂದು ತರ ಆಯ್ತು ಮಾರಾಯ್ರೆ. ಅಂದರೆ ಆ ಫ್ಲೆಕ್ಸಿನ ಚಿತ್ರ ಕೂಡ ಅವರದ್ದೇ ಕಥೆ ಅಲ್ವಾ?

ಹಳೆ ಬೋರ್ಡು
ಹೌದು. ಆರಡಿ ಅಗಲದ ಚಿತ್ರ, ಫ್ಲೆಕ್ಸ್ ಬ್ಯಾನರನ್ನೇ ಕೈಯಲ್ಲಿ, ಎನಾಮೆಲಿನಲ್ಲಿ ಬರೆದದ್ದು. ಮೇಲೆ "ಹಾರ್ದಿಕ ಅಭಿನಂದನೆಗಳು". ನಡುವೆ ಕೈಮುಗಿದು ನಿಂತ ದೊಡ್ಡ ಮನುಷ್ಯ, ಕಪ್ಪು ಕನ್ನಡಕ. ಸುತ್ತ ಅಂಚೆಚೀಟಿಯ ಗಾತ್ರದ ಮುಖಗಳು, ಶುಭ ಕೋರುವವರು. ಪರೀಕ್ಷೆಯಲ್ಲಿ ರ್‍ಯಾಂಕ್ ಬಂದ ಹುಡುಗಿ ಕೆಳಗಿನ ಮೂಲೆಯಲ್ಲಿ, ಅವಳ ಅರ್ಧ ಮುಖದ ಮೇಲೆ ಪ್ರಿಂಟರಿನವನ ಮೊಬೈಲ್ ನಂಬರ್ ಬಂದಿದೆ. ನಂಬರಿನ ಎಲ್ಲ ಅಂಕಿಯೂ ಸೊನ್ನೆ.

ಬಂದರ್ ಬೂತಾಯಿ
ನನಗೆ ಚಿತ್ರಕಲೆ ಗೊತ್ತಿಲ್ಲ, ಮೀನು ಗೊತ್ತುಂಟು. ಆ ಮೀನಿನ ಚಿತ್ರದ ವಿಷಯ ಯಾರೂ ಎತ್ತಲಿಲ್ಲ ಅಂತ ಬರೀತಿದ್ದೇನೆ.

ಮಾರ್ಗದ ಬದಿಯಲ್ಲಿ ಮೀನು ಮಾರುವ ಅಕ್ಕ, ಮುಂದೆ ಬುಟ್ಟಿ. ಕಾರಿನ ಗಾಜು ಅರ್ಧ ಇಳಿಸಿ ಒಬ್ಬರು ಮೇಡಮ್ಮು ಮೂಗಿಗೆ ಕರವಸ್ತ್ರ ಹಿಡಿದು ಚೌಕಾಸಿ ಮಾಡ್ತಿದ್ದಾರೆ. ಮೇಡಮ್ಮಿನ ಕೈಯಲ್ಲಿ ಮುನ್ನೂರು ರೂಪಾಯಿಯ ಕಾಫಿ. ಇಷ್ಟು ಸರಿ. ನಾನು ಅಮ್ಮನಿಗೆ ಫೋಟೋ ತೋರಿಸಿದೆ. ಅಮ್ಮ ವರ್ಷಗಟ್ಟಲೆ ಬಂದರಿನಿಂದ ಬುಟ್ಟಿ ಹೊತ್ತು ಮಾರಿದವರು. ನೋಡಿದ ಕೂಡಲೇ ಕೇಳಿದರು, "ಈ ತಕ್ಕಡಿ ಯಾಕೆ? ನಾವು ತೂಕಕ್ಕೆ ಕೊಡುವವರಾ? ನೂರಕ್ಕೆ ಇಷ್ಟು ಅಂತ ಲೆಕ್ಕ ಅಲ್ವಾ?" ಆಮೇಲೆ ಮೀನು ನೋಡಿದರು. ಬೂತಾಯಿಯ ಆಕಾರಕ್ಕೆ ಬಂಗುಡೆಯ ಬೆನ್ನಿನ ಗೆರೆ ಹಾಕಿದ್ದಾರೆ. ಕಣ್ಣು ಬೆಳ್ಳಗೆ, ಅಂದರೆ ಹಳತು. "ಆ ಹೆಂಗಸು ಚೌಕಾಸಿ ಮಾಡುವುದರಲ್ಲಿ ತಪ್ಪೇ ಇಲ್ಲ, ಇದು ನಿನ್ನೆಯ ಮೀನು" ಅಂದರು.

ಕೊನೆಗೆ ಒಂದು ಮಾತು ಹೇಳಿದರು, ಅದು ನನಗೆ ತಾಗಿತು. "ಕಾರಿನವಳಿಗೆ ಮುಖ ಉಂಟು. ಮೀನಿನವಳಿಗೆ ಬರೀ ಬೆನ್ನು."

ಮಣಿಪಾಲ ಮಳೆ
ನಿಮ್ಮ ಅಮ್ಮ ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಿತ್ರ ನೋಡಿದ್ದಾರೆ. ಊರಿನ ಬಡವರ ಪರ ಜೋಕ್ ಮಾಡ್ತೇನೆ ಅಂತ ಹೊರಟು ಅವರ ಮುಖವನ್ನೇ ಬಿಡಿಸದೆ ಇರುವುದು.

ಪಡುಬಿದ್ರಿ ಪಯಣಿಗ
ಉಲ್ಟಾ ಓದ್ತಿದ್ದೀರಿ. ಬೆನ್ನು ಕಾಣುತ್ತದೆ ಅಂದರೆ ನೋಡುವವ ಎಲ್ಲಿ ಕೂತಿದ್ದಾನೆ? ಮೀನಿನ ಅಕ್ಕನ ಹಿಂದೆ, ಅವಳ ಪಾಲಿಗೆ. ಅವಳಿಗೆ ಕಾಣುವುದು ನಮಗೂ ಕಾಣುತ್ತದೆ, ಅದು ಕಾರು ಮತ್ತು ಆ ಮೂಗು. ನಗೆಪಾಟಲು ಆದದ್ದು ಮುಖ ಇರುವವರು. ಇಂಥ ಚಿತ್ರ ನನಗೆ ಅಷ್ಟು ಹಿಡಿಸುವುದಿಲ್ಲ ಅಂತ ಮೇಲೆ ಹೇಳಿದ್ದೇನೆ, ಆದರೆ ಇದರಲ್ಲಿ ಲೆಕ್ಕ ತಪ್ಪಲಿಲ್ಲ.

ಬಂದರ್ ಬೂತಾಯಿ
ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಬೆನ್ನಿನ ಸೀರೆಯಾದರೂ ಸರಿಯಾಗಿ ಬಿಡಿಸಬಹುದಿತ್ತು, ಇದು ಟಿವಿಯವರು ಉಟ್ಟ ಹಾಗೆ ಉಂಟು" ಅಂದರು.

ನೀರ್‌ದೋಸೆ
ಅಮ್ಮನಿಗೆ ಒಂದು ಕಾಲಮ್ಮು ಕೊಡಿ ಯಾರಾದರೂ.

ಸೀಯಾಳ 45
ಆ ಚಿತ್ರದ ಹೆಸರು "ಜುಲೈ" ಅಲ್ವಾ? ಜುಲೈಯಲ್ಲಿ ಬೋಟು ಹೋಗ್ಲಿಕ್ಕೆ ಉಂಟಾ? ಜೂನ್ 1ರಿಂದ ಜುಲೈ 31ರವರೆಗೆ ಬಂದ್. ಅಷ್ಟು ಬೂತಾಯಿ ಎಲ್ಲಿಂದ ಬಂತು?

ಬಂದರ್ ಬೂತಾಯಿ
ಬಂದ್ ಇರುವುದು ಯಾಂತ್ರಿಕ ಬೋಟಿಗೆ. ನಾಡದೋಣಿ ಹೋಗ್ತದೆ, ಸಮುದ್ರ ಸುಮ್ಮನಿದ್ದರೆ. ಸ್ವಲ್ಪ ಬರ್ತದೆ, ಮತ್ತೆ ರೇಟು ಆಕಾಶಕ್ಕೆ. ಉಳಿದದ್ದು ಹೊರಗಿನ ಐಸಿನ ಮೀನು. ಕಣ್ಣು ಬೆಳ್ಳಗಿರುವುದು ಅದಕ್ಕೇ ಇರಬಹುದು ಅಂತ ಈಗ ಕಾಣ್ತಾ ಉಂಟು. ಹಾಗಾದರೆ ಅವರಿಗೆ ಮೀನು ಗೊತ್ತುಂಟು, ತಕ್ಕಡಿ ಮಾತ್ರ ಗೊತ್ತಿಲ್ಲ.

ಕದ್ರಿ ಗುಡ್ಡೆ
ಬಸ್ಸಿನ ಚಿತ್ರದ ಬಗ್ಗೆ ಹೇಳಿ. ಮಂಗಳೂರಿನವರಿಗೆ ಬೇಕಾದದ್ದು ಅದು.

ಹಳೆ ಬೋರ್ಡು
ಒಂದೇ ರೂಟಿನ ಎರಡು ಸಿಟಿ ಬಸ್ಸು, ಒಂದರ ಪಕ್ಕ ಒಂದು, ನಂತೂರು ಸರ್ಕಲ್. ಒಳಗಿನವರು ಎಲ್ಲರೂ ಒಂದೇ ಕೋನದಲ್ಲಿ ವಾಲಿದ್ದಾರೆ, ಒಬ್ಬ ಅಜ್ಜಿ ಬಿಟ್ಟು. ಅವರು ನೆಟ್ಟಗೆ ನಿಂತು ಟಿಕೆಟಿನ ಚಿಲ್ಲರೆ ಎಣಿಸ್ತಿದ್ದಾರೆ. ಸ್ಟಾಪಿನಲ್ಲಿ ಟೈಮಿನವ ಗಡಿಯಾರ ಹಿಡಿದು ನಿಂತಿದ್ದಾನೆ. ಬಸ್ಸುಗಳ ನಡುವೆ ಸಿಕ್ಕಿಬಿದ್ದು ಕಂಬಳದ ಒಂದು ಜೊತೆ ಕೋಣ, ಹಾರ್ನಿಗೆ ಹೆದರಿ ಓಡ್ಲಿಕ್ಕೆ ಒಪ್ಪುವುದಿಲ್ಲ.

ಕದ್ರಿ ಗುಡ್ಡೆ
ಎರಡು ನಿಮಿಷದ ಟೈಮಿಂಗಿಗೆ ನಡು ರಸ್ತೆಯಲ್ಲಿ ಬಸ್ಸು ಅಡ್ಡ ಹಾಕಿ ಜಗಳ ಮಾಡುವುದನ್ನು ನೋಡಿದವರಿಗೆ ಇದು ಜೋಕಲ್ಲ, ವರದಿ.

ಗಲ್ಫ್ ಗಿರಾಕಿ
ಆದರೂ ಆ ಬಸ್ಸಿನ ಹಾಗೆ ಎಲ್ಲಿಯೂ ಇಲ್ಲ. ಇಲ್ಲಿ ದುಬೈಯಲ್ಲಿ ಮೆಟ್ರೊ ಉಂಟು, ಎಲ್ಲ ಉಂಟು, ಆದರೆ "ಪೋಯಿ ರೈಟ್" ಅಂತ ಬೊಬ್ಬೆ ಹೊಡೆಯುವ ಕಂಡಕ್ಟರ್ ಇಲ್ಲ. ಊರಿಗೆ ಬಂದ ಮೊದಲ ದಿನ ನಾನು ಬಸ್ಸಿನಲ್ಲಿ ಹಂಪನಕಟ್ಟೆಗೆ ಹೋಗಿ ಐಡಿಯಲ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿಂದೇ ಮನೆಗೆ.

ನೀರ್‌ದೋಸೆ
ಗಡ್‌ಬಡ್ ಬೇಕಾದರೆ ಉಡುಪಿ ಡಯಾನಾಕ್ಕೆ ಬನ್ನಿ. ಅಲ್ಲಿಯೇ ಹುಟ್ಟಿದ್ದು.

ಕದ್ರಿ ಗುಡ್ಡೆ
ಶುರುವಾಯ್ತು. ಐಡಿಯಲ್ 1975ರಿಂದ ಉಂಟು.

ನೀರ್‌ದೋಸೆ
1975ರಿಂದ ಅಂಗಡಿ ಉಂಟು ಅಂದರೆ ಗಡ್‌ಬಡ್ ನಿಮ್ಮದಾಗ್ತದಾ?

ಕೋಳಿತಾಳು
ಐಸ್‌ಕ್ರೀಮಿಗ್ ಜಗ್ಳ ಮಾಡೂದ್ ಕಂಡ್ರೆ ಅವ್ರಿಗೆ ಇನ್ನೊಂದ್ ಚಿತ್ರ ಆಯ್ತ್.

ಮಾಡರೇಟರ್
ಗಡ್‌ಬಡ್ ಜಗಳಕ್ಕೆ ಬೇರೆ ಎಳೆ ಉಂಟು, ಹಳತು, ಇನ್ನೂ ಮುಗಿದಿಲ್ಲ. ಅಲ್ಲಿಗೆ ಹೋಗಿ. ಪಾರ್ಕಿನ ಚಿತ್ರದ ಕೆಳಗೆ ಬಂದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ, ಯಾಕೆ ಅಂತ ಬರೆದವರಿಗೆ ಗೊತ್ತುಂಟು.

ಮಣಿಪಾಲ ಮಳೆ
ನೋಡಿದಿರಾ? ಸಿಂಹದ ಚಿತ್ರಕ್ಕೆ ಮೂವತ್ತು ಜನ ನಗುತ್ತಾರೆ, ಪೊದೆಯ ಕನ್ನಡಕಕ್ಕೆ ಬಂದದ್ದು ಅಳಿಸಬೇಕಾದ ಪ್ರತಿಕ್ರಿಯೆ. ಸುಲಭದ ಗುರಿ ಅಂತ ನಾನು ಹೇಳಿದ್ದು ಇದನ್ನೇ.

ಚಕ್ರತಾಳ
ಹಾಗೆ ನೋಡಿದರೆ ನಗು ಒಂದು ಸಲಕ್ಕೆ ಒಂದು ಮೆಟ್ಟಿಲು ಹತ್ತುವುದು. ಮೊದಲು ಮನೆ, ಬಸ್ಸು, ಊಟ ಅಂತ ಜನರನ್ನು ಒಳಗೆ ಕರೆಯಬೇಕು. ಬಂದವರು ಹೊರಗೆ ಹೋಗುವಾಗ ಬಾಗಿಲು ಮುಚ್ಚುತ್ತದೆ, ಹಿಂದಿನದ್ದು ಕಾಣುತ್ತದೆ. ಹಾಸ್ಯಗಾರ ಸಹ ಬಂದ ಕೂಡಲೇ ದೊಡ್ಡವರ ಕಾಲು ಎಳೆಯುವುದಿಲ್ಲ, ಮೊದಲು ತನ್ನ ಹೊಟ್ಟೆಯ ವಿಷಯ, ಹೆಂಡತಿಯ ವಿಷಯ. ಸಭೆ ನಕ್ಕು ಬಾಯಿ ತೆರೆದಾಗ ಮದ್ದು ಹಾಕುವುದು.

ಮಣಿಪಾಲ ಮಳೆ
ಹೆಂಡತಿಯ ವಿಷಯದ ಜೋಕು ಬಿಟ್ಟರೆ ಹಾಸ್ಯಗಾರರಿಗೂ ಒಳ್ಳೆಯದು. ಅದು ಬೇರೆ ಚರ್ಚೆ.

ಪಡುಬಿದ್ರಿ ಪಯಣಿಗ
ಆರ್.ಕೆ. ಲಕ್ಷ್ಮಣ್ ಸಹ ಶುರುವಿನಲ್ಲಿ ಕನ್ನಡದ "ಕೊರವಂಜಿ"ಗೆ ಚಿತ್ರ ಬರೆದವರು, ರಾಶಿಯವರ ಹಾಸ್ಯಪತ್ರಿಕೆ, 1942ರಲ್ಲಿ ಶುರುವಾದದ್ದು. ಆಚೆ ಗೋವಾದಲ್ಲಿ ಕಾರ್ಟೂನಿಸ್ಟ್ ಮಾರಿಯೋ ಮಿರಾಂಡಾ. ಅವರ ಊರು ಲೊಟೊಲಿಮ್ಮಿನ ಇಗರ್ಜಿ, ಹೆಂಡದಂಗಡಿ, ಮದುವೆ, ಕಿಟಕಿಯಲ್ಲಿ ಇಣುಕುವ ಆಂಟಿಯರು ಎಲ್ಲ ಉಂಟು ಅದರಲ್ಲಿ. ಈಗ ಗೋವಾದವರು ಅದನ್ನೇ ಹೆಂಚಿನ ಮೇಲೆ, ಚೊಂಬಿನ ಮೇಲೆ ಹಾಕಿ ಪ್ರವಾಸಿಗರಿಗೆ ಮಾರ್ತಾರೆ. ತೀರಿಕೊಂಡ ಮೇಲೆ, 2012ರಲ್ಲಿ ಪದ್ಮವಿಭೂಷಣ. ಮಾರಿಯೋ ಗೇಲಿ ಮಾಡಿದವರ ಮೊಮ್ಮಕ್ಕಳೇ ಈಗ "ಅದು ನಮ್ಮ ಅಜ್ಜಿ" ಅಂತ ಹೆಮ್ಮೆ ಪಡುವುದು. ಕಟಪಾಡಿಯವರೇ, ನಿಮ್ಮ ಮಾವನಿಗೆ ಸ್ವಲ್ಪ ಕಾಯಲು ಹೇಳಿ.

ಕಟಪಾಡಿ ಕ್ರಾಸ್
ಮಾವ ಕಾಯಲಿಲ್ಲ. ನಿನ್ನೆ ಪ್ರದರ್ಶನದ ಕೊನೆಯ ದಿನ ನೇರ ಹೋದರು. ನನ್ನನ್ನೂ ಎಳೆದುಕೊಂಡು.

ಹೋಗುವಾಗ ಕಾರಿನಲ್ಲಿ ಬಾಯಿಗೆ ಬಂದ ಹಾಗೆ ಬೈದರು. ಒಳಗೆ ಹೋಗಿ ಚಿತ್ರದ ಮುಂದೆ ನಿಂತರು, ಮಾತೇ ಇಲ್ಲ. ಆಮೇಲೆ ಕಲಾವಿದರನ್ನು ಕರೆದು, "ನಮ್ಮ ಸಿಂಹ ಬಾಯಿ ಮುಚ್ಚಿದ್ದು, ನಿಮ್ಮದು ತೆರೆದದ್ದು, ಹಾಗಾದರೆ ಇದು ಯಾರ ಮನೆ" ಅಂತ ಕೇಳಿದರು. ಅವರು, "ಕಾಪುವಿನಿಂದ ಕಾರ್ಕಳದವರೆಗೆ ಬೋರ್ಡು ಬರೆಯಲು ಓಡಾಡಿದವ ನಾನು, ಯಾವ ಮನೆ ಅಂತ ಹೇಳಲಿ" ಅಂದರು. ಮಾವ ಸ್ವಲ್ಪ ಹೊತ್ತು ಬಿಟ್ಟು, "ಮಗ ಫೋನ್ ತೆಗೆದದ್ದು ಇದರಲ್ಲಿ ಕಾಣುವುದಿಲ್ಲ" ಅಂದರು. ಹೌದು, ಮೊಬೈಲಿನ ಪರದೆ ಚಿತ್ರದಲ್ಲಿ ಕಪ್ಪು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಕೇಸಿನ ಮಾತು ಬಿಟ್ಟಿದ್ದಾರೆ. ಸಿಟ್ಟು ಬಿಟ್ಟಿಲ್ಲ. "ಚಂದ ಮಾಡಿದ್ದಾನೆ, ಆದರೆ ಮಾಡಬಾರದಿತ್ತು" ಅಂತ ಅತ್ತೆಯ ಹತ್ತಿರ ಹೇಳ್ತಿದ್ದರಂತೆ.

ಗಲ್ಫ್ ಗಿರಾಕಿ
ನಾನು ಈಗ ಅಪ್ಪನಿಗೆ ಫೋನ್ ಮಾಡಿ ಬರ್ತೇನೆ.

ಸೀಯಾಳ 45
ಅವರಿಗೆ ನಿದ್ರೆ ಬಂದಿರಬಹುದು, ಅಲ್ಲಿಗಿಂತ ಇಲ್ಲಿ ಒಂದೂವರೆ ಗಂಟೆ ಮುಂದೆ.

ನೀರ್‌ದೋಸೆ
ಯಾವ ಯಾವ ಚಿತ್ರ ಮಾರಾಟ ಆಯ್ತು?

ಹಳೆ ಬೋರ್ಡು
ಬಸ್ಸಿನದ್ದು ಒಬ್ಬರು ಬಸ್ಸಿನ ಧಣಿಗಳೇ ತೆಗೆದುಕೊಂಡರು, ಆಫೀಸಿಗೆ ಹಾಕ್ತಾರಂತೆ. ಮೀನಿನದ್ದು ಮಾತುಕತೆಯಲ್ಲಿ ಉಂಟು, ಕೊಳ್ಳುವವರು ಚೌಕಾಸಿ ಮಾಡ್ತಿದ್ದಾರೆ (ಸತ್ಯ). ಪಾರ್ಕಿನದ್ದು ಯಾರೂ ಕೇಳಲಿಲ್ಲ. ಫ್ಲೆಕ್ಸಿನದ್ದು ಅವರು ಕೊಡುವುದಿಲ್ಲ. ಅದನ್ನು ಒಂದು ವಾರ ಯಾವುದಾದರೂ ಸರ್ಕಲಿನಲ್ಲಿ ನಿಜವಾದ ಫ್ಲೆಕ್ಸ್‌ಗಳ ನಡುವೆ ಕಟ್ಟಬೇಕು ಅಂತ ಆಸೆ. ಅನುಮತಿ ಕೇಳ್ಲಿಕ್ಕೆ ಹೋದರೆ, ಅರ್ಜಿ ಫಾರಮಿನಲ್ಲಿ "ಅಭಿನಂದನೆ ಯಾರಿಗೆ, ಯಾರಿಂದ" ಅಂತ ಬರೆಯಬೇಕಂತೆ. ಅದನ್ನು ಖಾಲಿ ಬಿಟ್ಟು ಕೊಟ್ಟು ಬಂದಿದ್ದಾರೆ.

ಮಣಿಪಾಲ ಮಳೆ
ಪಾರ್ಕಿನ ಚಿತ್ರದ ರೇಟು ಎಷ್ಟು? ಕುಶಾಲಿಗೆ ಕೇಳುವುದಲ್ಲ.

ಹಳೆ ಬೋರ್ಡು
ನಂಬರ್ ಖಾಸಗಿಯಾಗಿ ಕಳಿಸ್ತೇನೆ, ನೀವೇ ಮಾತಾಡಿ. ಚೌಕಾಸಿ ಮಾಡಿದರೆ ನಿಮ್ಮದೂ ಒಂದು ಚಿತ್ರ ಬರ್ತದೆ.

ಸೀಯಾಳ 45
ಆ ಫ್ಲೆಕ್ಸ್ ಚಿತ್ರ ಸರ್ಕಲಿಗೆ ಬಂದ ಮರುದಿನವೇ ಅದರ ಪಕ್ಕ ನಮ್ಮ ವಾರ್ಡಿನವರ ಫ್ಲೆಕ್ಸ್ ಬೀಳುತ್ತದೆ ನೋಡಿ, ಕಲಾವಿದರಿಗೆ ಅಭಿನಂದನೆ ಅಂತ. ಕಲಾವಿದರ ಫೋಟೋ ಕೆಳಗಿನ ಮೂಲೆಯಲ್ಲಿ.

ಬಂದರ್ ಬೂತಾಯಿ
ಮಂಗಳೂರಿಗೆ ಪ್ರದರ್ಶನ ತರುವುದಾದರೆ ಮೊದಲೇ ಹೇಳಿ. ಅಮ್ಮನಿಗೆ ಆ ತಕ್ಕಡಿಯ ವಿಷಯ ಅವರ ಹತ್ತಿರ ಎದುರೇ ಮಾತಾಡ್ಲಿಕ್ಕೆ ಉಂಟಂತೆ.